ಅತ್ತೆಯ ಕಾಲಿನ ಮುನ್ನೂರು ಮೀಟರು

ಏಳು ಜನರ ಬಡಾವಣೆ ಸಮಿತಿಗೆ ನಗರಸಭೆ ಕೊಟ್ಟಿದ್ದ ಅಧಿಕಾರ ಒಂದೇ: ಅಭಿಪ್ರಾಯ ಹೇಳುವುದು. ಕೇಳುವುದು ಬಿಡುವುದು ನಗರಸಭೆಯ ಇಷ್ಟ. ಮನೆಯಲ್ಲೇ ಬಟ್ಟೆ ಹೊಲಿಯುವ ಸೊಸೆ ಆ ಸಮಿತಿಗೆ ಸೇರಿದಾಗ ಅತ್ತೆ, "ಸಂಬಳ ಇಲ್ಲ, ಸವಲತ್ತಿಲ್ಲ, ಊರ ಉಸಾಬರಿ ನಿನಗ್ಯಾಕೆ?" ಎಂದು ಮೂಗು ಮುರಿದಿದ್ದರು.

ಈಗ ನೋಡಿ, ಉಸಾಬರಿ ಅತ್ತೆಯ ಕಾಲಿಗೇ ಬಂದಿತ್ತು. ಆಸ್ಪತ್ರೆಗೆ ಹೋಗುವ ಬಸ್ಸಿನ ನಿಲ್ದಾಣವನ್ನು ಮನೆಯೆದುರಿನಿಂದ ಕಿತ್ತು ಬೀದಿಯ ಕೊನೆಗೆ ಹಾಕುತ್ತಾರಂತೆ! ಮಂಡಿ ಸವೆದ ಅತ್ತೆ ವಾರಕ್ಕೆರಡು ಸಲ ಯಾರ ಹಂಗೂ ಇಲ್ಲದೆ ಹೋಗಿ ಬರುತ್ತಿದ್ದರು. "ಅಷ್ಟು ದೂರ ಆದ್ರೆ ಆಸ್ಪತ್ರೆನೇ ಬಿಡ್ತೀನಿ," ಎಂದುಬಿಟ್ಟರು. ಹಟಮಾರಿ ಜೀವ, ಹೇಳಿದರೆ ಮಾಡುವವರೇ. ಸೊಸೆಗೆ ನಿಜಕ್ಕೂ ಭಯವಾಯಿತು.

ಸಭೆಯಲ್ಲಿ ನಗರಸಭೆಯ ಎಂಜಿನಿಯರು ನಕ್ಷೆ ಬಿಡಿಸಿ, "ಬರೀ ಮುನ್ನೂರು ಮೀಟರ್. ನಾಲ್ಕು ನಿಮಿಷ," ಎಂದ.

ಸೊಸೆ ಎದ್ದಳು. "ಇದ್ರಲ್ಲಿ ನಮ್ಮತ್ತೆ ವಿಷಯ ಇದೆ. ನಿಯಮದ ಪ್ರಕಾರ ನಾನು ಕೈ ಎತ್ತಲ್ಲ. ಆದ್ರೆ ಜಾಗ ನಡೆದು ನೋಡದೆ ಅಭಿಪ್ರಾಯ ಬರೀಬಾರದು ಅನ್ನೋದೂ ನಮ್ಮ ನಿಯಮಾನೇ ಅಲ್ವಾ?"

ಅಧ್ಯಕ್ಷರಾದ ನಿವೃತ್ತ ಪೋಸ್ಟ್‌ಮ್ಯಾನ್ ಆಗಲೇ ಚಪ್ಪಲಿ ಮೆಟ್ಟಿದ್ದರು.

"ನಿಮ್ಮ ನಡಿಗೆ ಬೇಡ ಸಾರ್. ಬಸ್ಸಿಗೆ ಹೋಗೋರು ನಡೀಲಿ, ನೀವು ಹಿಂದೆ ಬನ್ನಿ," ಎಂದ ಸೊಸೆ ಮನೆಯಿಂದ ಅತ್ತೆಯನ್ನು ಕರೆತಂದಳು.

ಮನೆಯೆದುರಿನ ನಿಲ್ದಾಣದಿಂದ ಹೊರಟರು: ಅತ್ತೆ ಮುಂದೆ, ಅವರ ಚೀಲ ಹಿಡಿದ ಎಂಜಿನಿಯರು ಪಕ್ಕದಲ್ಲಿ, ಇಡೀ ಸಮಿತಿ ಹಿಂದೆ. ಅತ್ತೆ ಬೇಕರಿಯ ಮೆಟ್ಟಿಲ ಮೇಲೆ ಕೂತರು. ಗ್ಯಾರೇಜಿನ ಮುಂದೆ ಮತ್ತೆ ಕೂತರು. "ಏನಪ್ಪಾ, ನಾಲ್ಕು ನಿಮಿಷ ಆಯ್ತಾ?" ಎಂದು ವಿಚಾರಿಸಿದರು. ಎಂಜಿನಿಯರು ಗಡಿಯಾರ ನೋಡಿ ನಾಲಿಗೆ ಕಚ್ಚಿಕೊಂಡ. ತುದಿ ಮುಟ್ಟುವಷ್ಟರಲ್ಲಿ ಇಪ್ಪತ್ತೆರಡು ನಿಮಿಷವಾಗಿತ್ತು. ಬಸ್ಸು ಕಣ್ಣೆದುರೇ ಹೊರಟುಹೋಯಿತು.

ನಿಲ್ದಾಣ ಇದ್ದಲ್ಲೇ ಇರಲಿ ಎಂದು ಆರು ಕೈ ಮೇಲೆದ್ದವು. ಸೊಸೆಯ ಕೈ ಮಡಿಲಲ್ಲೇ ಇತ್ತು.

"ಇದು ಬರೀ ಅಭಿಪ್ರಾಯ," ಎಂದರು ಅಧ್ಯಕ್ಷರು.

"ಇರಬಹುದು. ಚೀಲ ಹೊತ್ತಿದ್ದು ನಾನು ತಾನೇ?" ಎಂದ ಎಂಜಿನಿಯರು ತನ್ನ ನಕ್ಷೆಗೆ ತಾನೇ ಗೀಟು ಹೊಡೆದ.

ಮುಂದಿನ ತಿಂಗಳು ಸಭೆಯ ದಿನ ಸೊಸೆ ಹೊಲಿಗೆ ಯಂತ್ರ ಮುಚ್ಚಿ ಅಡುಗೆಮನೆಗೆ ಓಡಿದರೆ ಅತ್ತೆ ಅಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದರು.

"ಇದು ನಾನು ನೋಡ್ಕೋತೀನಿ, ನೀನು ಹೊರಡು. ಹೊತ್ತಾಯ್ತು." ಅವಳು ಬಾಗಿಲು ದಾಟುವಾಗ ಮತ್ತೆ ಕೂಗಿದರು: "ಲೇ, ನಮ್ಮ ಸ್ಟಾಪಲ್ಲಿ ಕೂರೋಕೆ ಒಂದು ಬೆಂಚಿಲ್ಲ. ಅದನ್ನೂ ಹೇಳೇ!"