ಕಂಡಕ್ಟರ್ ಮನೆಯ ಡಾಕ್ಟರು

ಬಸ್ಸಿನ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಬೀದಿಯವರೆಲ್ಲ ಅವರನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಮಾತಿನ ಮಲ್ಲ. ತುಂಬಿದ ಬಸ್ಸಿನಲ್ಲಿ ಕಾಲು ತುಳಿದರೆಂದು ಇಬ್ಬರು ಜಗಳಕ್ಕೆ ನಿಂತರೆ, “ಒಬ್ಬರ ಕಾಲ ಮೇಲೆ ಒಬ್ಬರು ನಿಂತ್ಕೊಳ್ಳಿ, ಹಿಂದಿನವರಿಗೂ ಜಾಗ ಆಗುತ್ತೆ” ಎಂದು ನಗಿಸಿ ಮುಂದೆ ಹೋಗುತ್ತಿದ್ದ ಮನುಷ್ಯ. ಅಂಥವರು ಮಾತು ಕಡಿಮೆ ಮಾಡಿದಾಗ ಅವರ ಹೆಂಡತಿಗೆ ಮೊದಲು ಹಾಯೆನಿಸಿತು. ಆಮೇಲೆ ಭಯವಾಯಿತು.

ಹೆಂಡತಿ ಮನೆಯಲ್ಲೇ ಕಿಟಕಿ ಪರದೆ, ದಿಂಬಿನ ಕವರು ಹೊಲಿದುಕೊಡುತ್ತಿದ್ದರು, ಬೀದಿಗೆಲ್ಲ ಹೊಲಿಗೆಯಮ್ಮ. ಮೆಷಿನ್ನಿನ ಮುಂದೆ ಕೂತು ಗಂಡನನ್ನು ಕೂಗಿದರೆ ಆತ ತಿರುಗಿಯೂ ನೋಡುತ್ತಿರಲಿಲ್ಲ. ಸೋಪು ತನ್ನಿ ಎಂದರೆ ಸೊಪ್ಪು ತಂದರು. ಯಾರೋ ಬಾಗಿಲ ಗಂಟೆ ಒತ್ತಿ ಒತ್ತಿ ಸಾಕಾಗಿ ಹೊರಟುಹೋದರೂ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತವರು ಗೋಡೆ ನೋಡುತ್ತಲೇ ಇರುತ್ತಿದ್ದರು. ನಾಲ್ಕು ಜನ ಸೇರಿದ ಕಡೆ ಎಲ್ಲರೂ ನಕ್ಕಾದ ಮೇಲೆ ತಾವೂ ನಗುತ್ತಿದ್ದರು.

ಒಂದು ಬೆಳಗ್ಗೆ ಬಚ್ಚಲುಮನೆಯ ನಲ್ಲಿ ತೆರೆದಿಟ್ಟು ಬಂದು ಪತ್ರಿಕೆ ಹಿಡಿದು ಕೂತರು. ನೀರು ಮೆಟ್ಟಿಲಿಳಿದು ಕೆಳಗಿನ ಮನೆಯವರ ಹೊಸ್ತಿಲು ದಾಟಿತು. ಅವರು ಬಂದು ಕೂಗಾಡಿದಾಗ ಕಂಡಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿ, “ಹೌದೌದು” ಎಂದರು.

ಆ ಸಂಜೆ ಮಗಳು ಬಂದಳು. ಎರಡು ಬೀದಿ ಆಚೆಗೆ ಅವಳ ಮನೆ, ಶಾಲೆಯಲ್ಲಿ ಟೀಚರು. ಅಪ್ಪ ಎದುರಿಗಿದ್ದಂತೆಯೇ ದನಿ ತಗ್ಗಿಸಿ ಅಂದಳು: “ಅಮ್ಮಾ, ಹೇಳಬಾರದು ಅಂತಿದ್ದೆ. ಮಾವಂಗೂ ಹೀಗೇ ಅಲ್ವಾ ಶುರುವಾಗಿದ್ದು?”

ಹೊಲಿಗೆಯಮ್ಮನ ಕೈ ಮೆಷಿನ್ನಿನ ಚಕ್ರದ ಮೇಲೆ ನಿಂತಿತು. ಅವರ ಅಣ್ಣ ಕೊನೆಗಾಲದಲ್ಲಿ ಸ್ವಂತ ಹೆಂಡತಿಯನ್ನೇ, “ನೀವು ಯಾರ ಕಡೆಯವರು?” ಎಂದು ಮರ್ಯಾದೆಯಿಂದ ಕೇಳುತ್ತಿದ್ದ. ಅತ್ತಿಗೆ ಪ್ರತಿ ಸಲವೂ ಪರಿಚಯ ಹೇಳಿಕೊಳ್ಳುತ್ತಿದ್ದಳು.

ಮರುದಿನವೇ ಗಂಡನನ್ನು ಹೊರಡಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಮಿದುಳಿನ ಡಾಕ್ಟರನ್ನೇ ನೋಡಬೇಕೆಂದರು. ಕೌಂಟರಿನ ಹುಡುಗಿ ತಲೆಯೆತ್ತಿ ಕೇಳಿದಳು: “ನಿಮ್ಮ ಫ್ಯಾಮಿಲಿ ಡಾಕ್ಟರ್ ಯಾರಮ್ಮ? ಅವರು ಬರೆದುಕೊಟ್ಟ ಚೀಟಿ ಬೇಕು.”

“ನಮಗೆ ಅಂಥವರು ಯಾರೂ ಇಲ್ಲವಲ್ಲ.”

“ಹಾಗಾದ್ರೆ ನಿಮ್ಮ ಬಡಾವಣೆಯ ಕ್ಲಿನಿಕ್ಕಲ್ಲಿ ಮೊದಲು ಹೆಸರು ಬರೆಸಿ. ಈಗ ಎಲ್ಲರೂ ಹಾಗೇ ಬರೋದು.”

ಹಿಂದೊಮ್ಮೆ ಹೆಸರು ಬರೆದುಕೊಳ್ಳಲು ಮನೆಗೇ ಬಂದಿದ್ದ ಆರೋಗ್ಯ ಕಾರ್ಯಕರ್ತೆಯನ್ನು, “ಡಾಕ್ಟರಿಗೆ ನಾವು ಬೇಕೇ ಹೊರತು ನಮಗೆ ಡಾಕ್ಟರು ಬೇಡ” ಎಂದು ನಗಿಸಿ ಕಳಿಸಿದ್ದವರು ಕಂಡಕ್ಟರೇ. ಹೊಲಿಗೆಯಮ್ಮ ದಾರಿಯುದ್ದಕ್ಕೂ ಅದನ್ನೇ ಎತ್ತಿ ಆಡಿದರು. ಕಂಡಕ್ಟರು ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದರು.

ಕ್ಲಿನಿಕ್ಕು ಇಸ್ತ್ರಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಇತ್ತು. ಒಳಗೆ ಎರಡು ಬೆಂಚು, ತೂಕದ ಮೆಷಿನ್ನು, ಸೂಜಿ ಕಂಡು ಅಳುತ್ತಿದ್ದ ಒಂದು ಮಗು. ಇಷ್ಟಕ್ಕೆ ಡಾಕ್ಟರು ಬೇರೆ ಎಂದುಕೊಂಡರು ಹೊಲಿಗೆಯಮ್ಮ.

“ಮನೇಲಿ ಎಷ್ಟು ಜನ?” ಎಂದಳು ನರ್ಸು.

“ನಾವಿಬ್ಬರೇ. ಇವರದ್ದೊಂದು ಬರ್ಕೊಳ್ಳಿ ಸಾಕು, ನನಗೇನೂ ಆಗಿಲ್ಲ.”

“ಏನೂ ಆಗದೆ ಇದ್ದಾಗಲೇ ಬರೆಸೋದಮ್ಮ. ಆದ ಮೇಲೆ ಪರಿಚಯ ಮಾಡ್ಕೊಳ್ಳೋಕೆ ಯಾರಿಗೆ ಪುರುಸೊತ್ತು?” ಎಂದು ನರ್ಸು ಇಬ್ಬರ ಹೆಸರನ್ನೂ ಬರೆದುಕೊಂಡಳು.

ಡಾಕ್ಟರು ನಡುವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಗಾಗಿತ್ತು. “ಏನು ತೊಂದರೆ?” ಎಂದು ಕಂಡಕ್ಟರನ್ನು ಕೇಳಿದರು.

“ಮರೆವು,” ಎಂದರು ಹೊಲಿಗೆಯಮ್ಮ. “ನಲ್ಲಿ ಮರೀತಾರೆ, ಹೇಳಿದ್ದು ಮರೀತಾರೆ...”

“ಅಮ್ಮಾ, ಅವರೇ ಹೇಳಲಿ.”

ಕಂಡಕ್ಟರು ಡಾಕ್ಟರ ತುಟಿಗಳನ್ನೇ ನೋಡುತ್ತ, “ಊಟ ಆಯ್ತು” ಎಂದರು. ಹೊಲಿಗೆಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಡಾಕ್ಟರು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ಗಟ್ಟಿಯಾಗಿ ಒಂದೊಂದೇ ಕೇಳತೊಡಗಿದರು. ಇವತ್ತು ಯಾವ ವಾರ, ಇದು ಯಾವ ತಿಂಗಳು, ಮೊದಲು ಏನು ಕೆಲಸ ಮಾಡ್ತಿದ್ರಿ, ನಾನು ಹೇಳಿದ ಪದಗಳನ್ನು ಮತ್ತೆ ಹೇಳಿ. ಕಂಡಕ್ಟರು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಆಮೇಲೆ ಡಾಕ್ಟರು ಎದ್ದು ಮೂಲೆಯ ಸಿಂಕಿನಲ್ಲಿ ಕೈ ತೊಳೆಯುತ್ತ, ಬೆನ್ನು ಹಾಕಿಯೇ ಕೇಳಿದರು: “ನಿಮ್ಮ ಬಸ್ಸು ಬೆಳಗ್ಗೆ ಸರಿಯಾದ ಹೊತ್ತಿಗೆ ಹೊರಡ್ತಿತ್ತಾ?”

ಕಂಡಕ್ಟರು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ಡಾಕ್ಟರು ತಿರುಗಿ ಬಂದು, ಎದುರಿಗೆ ಕೂತು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಕಂಡಕ್ಟರ ಮುಖ ಅರಳಿತು. “ಬಸ್ಸು ಹೊರಟಾಗಲೇ ಸರಿಯಾದ ಹೊತ್ತು ಮೇಡಂ. ಗಡಿಯಾರ ಬೇಕಾದ್ರೆ ಹೊಂದಿಕೊಳ್ಳಲಿ.”

ಡಾಕ್ಟರು ನಗುತ್ತಲೇ ಸಣ್ಣ ದೀಪವಿದ್ದ ಉಪಕರಣ ತೆಗೆದು ಅವರ ಎಡಗಿವಿ ನೋಡಿದರು. ಬಲಗಿವಿ ನೋಡಿದರು. “ಅಮ್ಮಾ, ಬಾಟಲಿಗೆ ಬಿರಡೆ ಹಾಕಿದ ಹಾಗೆ ಎರಡೂ ಕಿವಿ ಮುಚ್ಚಿಹೋಗಿದೆ. ಗುಗ್ಗೆ, ಕಲ್ಲಾಗಿದೆ.”

“ಗುಗ್ಗೆನಾ?” ಹೊಲಿಗೆಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಗುಗ್ಗೆಗಾ ನಾನು ಇಷ್ಟು ದಿನ ನಿದ್ದೆಗೆಟ್ಟಿದ್ದು?”

“ಅದೊಂದೇ ಅಂತ ಈಗಲೇ ಹೇಳಲ್ಲ. ಮೊದಲು ಅದನ್ನ ತೆಗೆಯೋಣ. ಆಮೇಲೂ ಅನುಮಾನ ಇದ್ರೆ ದೊಡ್ಡಾಸ್ಪತ್ರೆಗೆ ನಾನೇ ಬರೆದುಕೊಡ್ತೀನಿ. ನೀವೀಗ ನಮ್ಮವರು, ಎಲ್ಲಿಗೂ ಓಡಿಹೋಗಲ್ವಲ್ಲ.”

ಗುಗ್ಗೆ ಮೆತ್ತಗಾಗಲೆಂದು ಕೊಟ್ಟ ಔಷಧಿಯನ್ನು ಹೊಲಿಗೆಯಮ್ಮ ದಿನವೂ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿಹನಿಯಾಗಿ ಬಿಟ್ಟರು. ಮುಂದಿನ ವಾರ ಡಾಕ್ಟರು ಪಿಚಕಾರಿಯಲ್ಲಿ ಬೆಚ್ಚಗಿನ ನೀರು ಹಾಯಿಸಿದರು. ಕಿವಿಯ ಕೆಳಗೆ ಹಿಡಿದ ಬಟ್ಟಲಿಗೆ ಕಂದು ಬಣ್ಣದ ಉಂಡೆ ಬಿತ್ತು. ಇನ್ನೊಂದು ಕಿವಿಯದ್ದು ಹಟ ಹಿಡಿದು ಚೂರುಚೂರಾಗಿ ಬಂತು.

ಕಂಡಕ್ಟರು ಬೆಚ್ಚಿ ಸುತ್ತ ನೋಡಿದರು. ಹೊರಗೆ ಸೈಕಲ್ಲಿನವನು ಗಾಳಿ ಹೊಡೆಯುತ್ತಿದ್ದ. ನರ್ಸಿನ ಚಪ್ಪಲಿ ಚರಪರ ಎನ್ನುತ್ತಿತ್ತು.

“ರೀ, ಕೇಳಿಸ್ತಾ ಇದೆಯಾ?” ಎಂದು ಹೊಲಿಗೆಯಮ್ಮ ರೂಢಿಯಂತೆ ಕೂಗಿದರು.

“ಯಾಕೇ ಹಾಗೆ ಕಿರುಚ್ತೀಯ? ಪಕ್ಕದಲ್ಲೇ ಇದೀನಲ್ಲ!”

ಡಾಕ್ಟರು ರಕ್ತದೊತ್ತಡ ನೋಡಿ ಸ್ವಲ್ಪ ಹೆಚ್ಚಿದೆ ಎಂದರು. ಉಪ್ಪು ಕಡಿಮೆ ಮಾಡಲು ಹೇಳಿ, ಮುಂದಿನ ತಿಂಗಳು ಇಬ್ಬರನ್ನೂ ಬರಹೇಳಿದರು. ಎಡಗಿವಿ ವಯಸ್ಸಿನಿಂದಲೂ ಕೊಂಚ ಮಂದವಾಗಿದೆ, ಬೇಕಾದರೆ ಮುಂದೆ ಯಂತ್ರ ಹಾಕಬಹುದು. ಮರೆವಿನ ಕಾಯಿಲೆಯ ಗುರುತು ಮಾತ್ರ ತಮಗೆ ಕಾಣುತ್ತಿಲ್ಲ ಎಂದರು.

ಹೊರಗೆ ಬಂದು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಕಂಡಕ್ಟರು ಸ್ವಲ್ಪ ಹೊತ್ತು ರಸ್ತೆಯ ಸದ್ದನ್ನೇ ಕೇಳುತ್ತಿದ್ದು, ಆಮೇಲೆ ಮೆಲ್ಲಗೆ ಅಂದರು: “ನಿನ್ನಣ್ಣನ ಹಾಗೇ ನನಗೂ ಆಯ್ತು ಅಂತ ತಿಳ್ಕೊಂಡಿದ್ದೆ. ಮಲಗೋ ಮುಂಚೆ ನಮ್ಮ ರೂಟಿನ ಸ್ಟಾಪೆಲ್ಲ ಮನಸ್ಸಲ್ಲೇ ಹೇಳ್ಕೊಳ್ತಿದ್ದೆ. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ಒಂದೂ ತಪ್ಪುತ್ತಿರಲಿಲ್ಲ. ಆದ್ರೂ ಬೆಳಗ್ಗೆ ಎದ್ರೆ ಜನ ಆಡೋದು ತಲೆಗೇ ಹೋಗ್ತಿರಲಿಲ್ಲ.”

“ಬಾಯಿಬಿಟ್ಟು ಹೇಳಬಾರದಿತ್ತಾ?”

“ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ.”

ಹೊಲಿಗೆಯಮ್ಮ ಅವರ ಅಂಗೈ ಹಿಡಿದುಕೊಂಡರು. ಬಸ್ಸೊಂದು ಬಂದು ನಿಂತಿತು, ಹೋಯಿತು. ಇಬ್ಬರೂ ಏಳಲಿಲ್ಲ.

ಬೀದಿಗೆ ಹಳೆಯ ಕಂಡಕ್ಟರು ವಾಪಸು ಬಂದರು. ಕೆಳಗಿನ ಮನೆಗೆ ಹೋಗಿ ನಲ್ಲಿಯ ಸದ್ದೇ ಕೇಳಿಸಿರಲಿಲ್ಲ ಎಂದು ಹೇಳಿ ಕ್ಷಮೆ ಕೇಳಿದರು, ಅರ್ಧ ಗಂಟೆ ಹರಟೆ ಹೊಡೆದು ಬಂದರು. ಮಗಳು ಅಡಿಗೆಮನೆಯಲ್ಲಿ, “ಬರೀ ಕಿವೀನೇನಮ್ಮ? ಖಾತ್ರಿನಾ?” ಎಂದು ಪಿಸುಗುಟ್ಟಿದರೆ, ಹೊರಗಿನಿಂದಲೇ, “ಖಾತ್ರಿ ಕಣಮ್ಮ ಟೀಚರೇ!” ಎಂದು ಉತ್ತರ ಬಂತು. ಒಂದೊಂದು ದಿನ ಹೊಲಿಗೆಯಮ್ಮ, “ಸ್ವಲ್ಪ ಹೊತ್ತು ಬಾಯಿ ಮುಚ್ಚಿರಿ, ದಾರ ತಪ್ಪುತ್ತೆ” ಎಂದು ರೇಗಿದ್ದೂ ಉಂಟು.

ತಿಂಗಳು ಕಳೆದು ಮತ್ತೆ ಕ್ಲಿನಿಕ್ಕಿಗೆ ಹೋದಾಗ ಕಂಡಕ್ಟರ ರಕ್ತದೊತ್ತಡ ಇಳಿದಿತ್ತು. ಡಾಕ್ಟರು ಹೊಲಿಗೆಯಮ್ಮನ ಕಡೆ ತಿರುಗಿದರು. “ನಿಮ್ಮದೂ ಹೆಸರಿದೆ ಇಲ್ಲಿ. ನೀವು ಹೇಗಿದ್ದೀರಿ?”

“ನನಗೇನು? ಗುಂಡುಕಲ್ಲು.”

“ಸುಳ್ಳು,” ಎಂದರು ಕಂಡಕ್ಟರು. “ಮೆಷಿನ್ ಬಿಟ್ಟು ಏಳುವಾಗಲೆಲ್ಲ ಅಮ್ಮಾ ಅಂತಾಳೆ, ಸಣ್ಣಗೆ. ಮಂಡಿ ನೋವು. ಎಷ್ಟು ದಿನದಿಂದ ಅಂತಿದ್ಲೋ, ನನಗೆ ಈಗಷ್ಟೇ ಕೇಳಿಸ್ತಾ ಇದೆ.”

ಹೊಲಿಗೆಯಮ್ಮ ಗಂಡನನ್ನು ದುರುಗುಟ್ಟಿ ನೋಡಿದರು. ತುಟಿಯಂಚಿನ ನಗೆ ಮಾತ್ರ ತಡೆಯಲಾಗಲಿಲ್ಲ. ಕಂಡಕ್ಟರು ಎದ್ದು ಜಾಗ ಬಿಟ್ಟುಕೊಟ್ಟರು. ಹೊಲಿಗೆಯಮ್ಮ ಆ ಕುರ್ಚಿಯಲ್ಲಿ ಕೂತು, ಯಾವ ಮಂಡಿ ಎಂದು ಡಾಕ್ಟರಿಗೆ ತೋರಿಸಿದರು.