ಹನ್ನೊಂದನೆಯ ನಿಮಿಷದ ಮೌನ

ನಾನು ಒಂದು ಗ್ರಾಮಫೋನ್ ತಟ್ಟೆ. ನನ್ನ ಯಜಮಾನರು ನನ್ನನ್ನು ‘ವಿನೈಲ್’ ಎನ್ನುತ್ತಾರೆ, ಅವರ ಹೆಂಡತಿ ‘ಆ ಕಪ್ಪು ಕಾವಲಿ’ ಎನ್ನುತ್ತಾರೆ. ಎರಡಕ್ಕೂ ನನ್ನ ತಕರಾರಿಲ್ಲ. ಆದರೆ ನಾನು ಮರುಮುದ್ರಣ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನನ್ನೊಳಗಿನ ಹಾಡೆಲ್ಲ ಇನ್ನೊಂದು ತಟ್ಟೆಯದು. ಆ ತಟ್ಟೆ ಈಗ ಇಲ್ಲ.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಬೆಂಗಳೂರಿನ ನಾಲ್ವರು ಹುಡುಗರು ‘ಕಾಪರ್ ಪೀಕಾಕ್’ ಎಂಬ ತಂಡ ಕಟ್ಟಿ ಪ್ರೋಗ್ರೆಸಿವ್ ರಾಕ್ ನುಡಿಸುತ್ತಿದ್ದರಂತೆ. ತಟ್ಟೆಯ ಒಂದು ಮಗ್ಗುಲಿಗೆ ಒಂದೇ ಹಾಡು, ಅದರಲ್ಲೂ ಮಾತಿಗಿಂತ ವಾದ್ಯವೇ ಹೆಚ್ಚು. ಆಗ ನೂರೈವತ್ತು ತಟ್ಟೆ ಅಚ್ಚಾದವು. ಮೂಲ ಟೇಪು ಕಳೆದುಹೋಯಿತು. ಕೊನೆಗೆ ಪತ್ತೆಯಾದದ್ದು ಒಂದೇ ತಟ್ಟೆ. ಅದು ಮೈಸೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ನನ್ನ ಯಜಮಾನರು, ಸೋಮಸುಂದರ್ ಅವರ ಬಳಿ ಇತ್ತು. ಹಳೆಯ ರಾಕ್ ತಟ್ಟೆಗಳ ಮರುಮುದ್ರಣ ಎಲ್ಲಿ ಬಂದರೂ ತರಿಸಿಕೊಳ್ಳುವ ಹುಚ್ಚು ಅವರಿಗೆ. ಹೊರದೇಶದ ಒಂದು ಸಣ್ಣ ಕಂಪನಿ, ‘ನಿಮ್ಮ ಪ್ರತಿ ಕೊಡಿ, ಅದರಿಂದಲೇ ಹೊಸದು ಮಾಡುತ್ತೇವೆ’ ಎಂದಾಗ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು.

ತಟ್ಟೆಯ ಜೊತೆ ಅವರು ಒಂದು ಪಟ್ಟಿಯನ್ನೂ ಕಳಿಸಿದರು. ಯಾವ ನಿಮಿಷದಲ್ಲಿ ಚಟ್ ಎನ್ನುತ್ತದೆ, ಎಲ್ಲಿ ಕರಕರ ಎನ್ನುತ್ತದೆ, ಎಲ್ಲವೂ ಅದರಲ್ಲಿತ್ತು. ಕಂಪನಿಯವರು ಕೇಳಿದರಂತೆ, ‘ಎರಡನೆಯ ಮಗ್ಗುಲಿನ ಹನ್ನೊಂದನೆಯ ನಿಮಿಷದಲ್ಲಿ ಆರ್ಗನ್ ನಿಂತಾಗ ಯಾರೋ ಮಾತಾಡುತ್ತಾರೆ. ಅದನ್ನು ಉಳಿಸೋಣವೇ?’ ಸೋಮಸುಂದರ್ ಬರೆದರು, ‘ತೆಗೆದುಬಿಡಿ. ಒಂದು ಕಲೆಯೂ ಇರಬಾರದು.’ ನಲವತ್ತು ವರ್ಷ ಗಾಜು ಒರೆಸಿದವರ ಬುದ್ಧಿ ಅದು. ಮನೆಯ ಧೂಳು ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ.

ಬಿಸಿ ಮುದ್ದೆಯಾಗಿದ್ದ ನನ್ನನ್ನು ಎರಡು ಅಚ್ಚುಗಳ ನಡುವೆ ಒತ್ತಿದರು. ಹಾಡು ಮೈಯೊಳಗೆ ಇಳಿಯಿತು. ಆ ಒಂದು ಜಾಗದಲ್ಲಿ ಮಾತ್ರ ಏನೂ ಇಳಿಯಲಿಲ್ಲ. ಎರಡು ಸೆಕೆಂಡಿನ ನುಣುಪು. ಮುಳ್ಳು ಅಲ್ಲಿಗೆ ಬಂದಾಗಲೆಲ್ಲ ಮುಚ್ಚಿದ ಬಾಗಿಲಾಚೆ ಯಾರೋ ನಿಂತಿದ್ದಾರೆ ಎನಿಸಿ ನನಗೆ ಮೈ ಜುಮ್ಮೆನ್ನುತ್ತದೆ. ಯಾರು, ಏನು ಹೇಳುತ್ತಿದ್ದರು, ಆಗ ನನಗೆ ತಿಳಿದಿರಲಿಲ್ಲ.

ನಾನು ಮೈಸೂರಿಗೆ ಬಂದ ವಾರವೇ ಹಳೆಯ ತಟ್ಟೆಯೂ ವಾಪಸಾಯಿತು. ದಾರಿಯಲ್ಲಿ ಎರಡು ಹೋಳಾಗಿತ್ತು. ಸೋಮಸುಂದರ್ ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ ಗೆಳೆಯರನ್ನು ಕರೆದು ನನ್ನನ್ನು ಹಾಕಿ, “ನೋಡಿ, ಒಂದು ಚಟಪಟ ಇಲ್ಲ! ಹಳೇದು ಹೋದ್ರೆ ಹೋಗ್ಲಿ” ಎಂದರು. ನಾನೂ ಉಬ್ಬಿಹೋದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಮಧ್ಯಾಹ್ನ ದಯಾಮಣಿ ಎಂಬ ವಯಸ್ಸಾದ ಹೆಂಗಸು ಮನೆ ಹುಡುಕಿಕೊಂಡು ಬಂದರು. ನನ್ನ ರಟ್ಟಿನ ಮೇಲೆ ‘ಮೂಲ ಪ್ರತಿ ಕೊಟ್ಟವರು’ ಎಂದು ಸೋಮಸುಂದರ್ ಹೆಸರಿತ್ತು. ಆರ್ಗನ್ ನುಡಿಸಿದ ವಿಲ್ಫ್ರೆಡ್ ಈಕೆಯ ಅಣ್ಣ. ತಟ್ಟೆ ಬಂದ ಮರುವರ್ಷವೇ ಬಸ್ ಅಪಘಾತದಲ್ಲಿ ಹೋದನಂತೆ, ಇಪ್ಪತ್ತಾರು ವಯಸ್ಸಿಗೆ.

“ನಮ್ಮನೇಲಿದ್ದ ತಟ್ಟೆ ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು. ಈ ಸಂಗೀತ ನಂಗೆ ತಿಳಿಯಲ್ಲ,” ಎಂದರು ಆಕೆ. “ಮಧ್ಯದಲ್ಲಿ ಒಂದ್ಸಲ ನಮ್ಮ ವಿಲ್ಲಿ ಮಾತಾಡ್ತಾನೆ. ಅಷ್ಟು ಕೇಳಿಸಿ ಸಾಕು. ಅವನ ದನಿ ಬೇರೆಲ್ಲೂ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೋಮಸುಂದರ್ ಸುಮ್ಮಸುಮ್ಮನೆ ನನ್ನನ್ನು ಮತ್ತೆ ಮತ್ತೆ ಒರೆಸಿದರು. ಮುಳ್ಳು ಇಳಿಯಿತು. ಹನ್ನೊಂದನೆಯ ನಿಮಿಷ ಬಂತು. ಆರ್ಗನ್ ನಿಂತಿತು. ಆಕೆ ಮುಂದಕ್ಕೆ ಬಾಗಿದರು. ಎರಡು ಸೆಕೆಂಡು. ಗಿಟಾರ್ ಶುರುವಾಯಿತು. ಆಕೆಯ ಮುಖವನ್ನು ನಾನು ಕೆಳಗಿನಿಂದ ನೋಡಿದೆ. ಯಾವ ತಟ್ಟೆಗೂ ಅಂಥ ಮುಖ ನೋಡುವ ಗತಿ ಬರಬಾರದು.

“ಇಲ್ವಲ್ಲ,” ಎಂದರು ಆಕೆ.

“ಹಳೇ ತಟ್ಟೇಲೂ ಏನೂ ಇರ್ಲಿಲ್ಲ ಮೇಡಂ,” ಎಂದುಬಿಟ್ಟರು ಸೋಮಸುಂದರ್.

ದಯಾಮಣಿ ತಮ್ಮ ಕೈ ನೋಡಿಕೊಂಡರು. “ಹಾಗಾದ್ರೆ ನಾನೇ ಕಲ್ಪಿಸ್ಕೊಂಡಿದ್ದೆನೇನೋ. ಇಷ್ಟು ವರ್ಷ, ಇಲ್ಲದೇ ಇರೋ ಮಾತು ನೆನಪು ಮಾಡ್ಕೊಂಡು ಕೂತಿದ್ದೆ.” ಚೀಲ ಎತ್ತಿಕೊಂಡು ಎದ್ದರು. ನಾನು ಸುತ್ತುತ್ತಲೇ ಇದ್ದೆ. ಇತ್ತು ಎಂದು ಕೂಗಬೇಕೆನಿಸಿತು. ಅಳಿಸಿದ್ದನ್ನು ನಾನು ಎಲ್ಲಿಂದ ತರಲಿ?

ಆಕೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಸೋಮಸುಂದರ್ ಹಿಂದೆಯೇ ಹೋದರು.

“‘ಬಂದೆ, ತಾಳಿ’ ಅಂತಿದ್ರು.”

ಆಕೆ ತಿರುಗಿದರು. ಆ ಮಾತು ಏನೆಂದು ಆಕೆ ಅವರಿಗೆ ಹೇಳಿರಲಿಲ್ಲ.

“ಇತ್ತು ಮೇಡಂ. ನಾನೇ ತೆಗೆಸ್ದೆ. ಕಲೆ ಅಂದ್ಕೊಂಡೆ. ಹಳೇ ತಟ್ಟೆ ಒಡೆದು ಬಂದಾಗ್ಲೇ ಕಂಪನಿಗೆ ಫೋನ್ ಮಾಡಿ ಕೇಳ್ದೆ, ಅಳಿಸೋ ಮುಂಚಿನ ರೆಕಾರ್ಡಿಂಗ್ ಅವರೂ ಇಟ್ಕೊಂಡಿಲ್ಲ. ನನ್ನ ಕ್ಷಮಿಸಬೇಡಿ.”

ದಯಾಮಣಿ ಬಾಗಿಲು ಹಿಡಿದುಕೊಂಡು ಅತ್ತರು. “ಊಟಕ್ಕೆ ಕರೆದ್ರೂ ಅದನ್ನೇ ಹೇಳ್ತಿದ್ದ. ಅವತ್ತು ಬಸ್ಸಿಗೆ ಹೊರಟಾಗ್ಲೂ.” ಮೂಗು ಒರೆಸಿಕೊಂಡು ಒಳಗೆ ಬಂದು ಕೂತರು. “ಇನ್ನೊಂದ್ಸಲ ಹಾಕಿ. ಆ ಜಾಗ ಬಂದಾಗ ನೀವು ಹೇಳಿ. ಅವನ ಹಾಗೇ ಹೇಳಿ.”

ಅವರು ಹೇಳಿದರು. ಸ್ವಲ್ಪ ಅವಸರದಲ್ಲಿ, ನಗು ತಡೆದುಕೊಂಡ ಹಾಗೆ. ಆ ಪ್ರತಿಯನ್ನು ನೂರಾರು ಸಲ ಕೇಳಿದ ಕಿವಿ ಅವರದು. ನನ್ನ ನುಣುಪಿನ ಮೇಲೆ ಆ ದನಿ ಬಿದ್ದಾಗ, ನಾನು ಮೊದಲ ಸಲ ಪೂರ್ತಿಯಾದೆ.

ಆಮೇಲೆ ತಿಂಗಳಿಗೊಂದು ಭಾನುವಾರ ದಯಾಮಣಿ ಬರತೊಡಗಿದರು. ಐದು ವರ್ಷ ಬಂದರು. ಹೋದ ವರ್ಷ ತೀರಿಕೊಂಡರು. ಅಂಗಡಿ ಮುಚ್ಚಿದ ಸೋಮಸುಂದರ್ ಭಾನುವಾರದ ಪದ್ಧತಿ ಬಿಡಲಿಲ್ಲ. ಎದುರಿನ ಖಾಲಿ ಕುರ್ಚಿಗೆ ಮುಖ ಮಾಡಿ, ಆ ಜಾಗ ಬಂದಾಗ ಹೇಳುತ್ತಾರೆ. ಈಚೆಗೆ ಆ ದನಿ ಅವರದಲ್ಲ ಎನಿಸುತ್ತದೆ. ತೀರ ಎಳೆಯ ದನಿ. ನನಗೂ ವಯಸ್ಸಾಯಿತು, ಮೈತುಂಬ ಗೀರು. ಅವರೀಗ ನನ್ನನ್ನು ಒರೆಸುವುದಿಲ್ಲ. ಒರೆಸುವುದು ಯಾವುದನ್ನು, ಬಿಡುವುದು ಯಾವುದನ್ನು ಎಂದು ತಿಳಿಯದೆ ಹೆದರುತ್ತಾರೆ.

ಮೊನ್ನೆ ಮಧ್ಯಾಹ್ನ ನಾನು ರಟ್ಟಿನೊಳಗೇ ಇದ್ದೆ. ಯಂತ್ರ ನಿಂತಿತ್ತು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಸೋಮಸುಂದರ್ ತಟ್ಟನೆ ತಲೆ ಎತ್ತಿದರು.

“ಬಂದೆ, ತಾಳಿ,” ಎಂದರು.

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು, “ನಾನು ಕರೀಲಿಲ್ವಲ್ರೀ!”