ಹೊಲಿಯಬಾರದ ಹರಕು

ನರಸಕ್ಕ ತಾನು ತೊಟ್ಟ ಅಂಗಿಯ ಎಡಜೇಬಿಗೆ ಬ್ಲೇಡು ಹಾಕಿದ್ದಳು. ತಮ್ಮ ಗಿರೀಶ್ ಓಡಿಬಂದು ಮುಂಗೈ ಹಿಡಿದ.

“ಅಕ್ಕಾ, ತೆಲಿ ಕೆಟ್ಟೈತೇನ? ತಾಳಿ ಇರಾಕಿ ಮೈಮ್ಯಾಲಿನ ಬಟ್ಟಿ ಹರಕೋತಾಳೇನ? ಮಂದಿ ಏನಂದಾರು!”

“ಅವ್ವ ಹೇಳ್ಯಾಳ. ಚಟ್ಟ ಎತ್ತೋದ್ರಾಗ ಹರೀಬೇಕು. ಕೈ ಬಿಡು.”

ಅವ್ವ ಓಬಳಮ್ಮ ನಸುಕಿನಲ್ಲಿ ತೀರಿಕೊಂಡು ಈಗ ಅಂಗಳದ ಚಾಪೆಯ ಮೇಲೆ ಮಲಗಿದ್ದಳು. ಗುಮ್ಮಘಟ್ಟದಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ರಾಯದುರ್ಗಕ್ಕೆ ಬಂದವಳು, ಇಪ್ಪತ್ತೆರಡು ವರ್ಷ ಜೀನ್ಸ್ ಪ್ಯಾಂಟಿಗೆ ಜೇಬು ಕೂರಿಸಿದ್ದಳು. ಯಾರ ಮೈಮೇಲೆ ಹರಿದದ್ದು ಕಂಡರೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ತೋಳಿಗೂ ಸೂಜಿ ಹಾಕಿದ ಹೆಂಗಸು. ಅಂಥವಳ ಸಾವಿಗೆ ಮಗಳು ಬಟ್ಟೆ ಹರಿಯುತ್ತೇನೆಂದರೆ ಗಿರೀಶನಿಗೆ ಸಿಟ್ಟು ಬರದೆ ಇನ್ನೇನು?

*

ನರಸಕ್ಕ ಇಸ್ರೇಲಿನಲ್ಲಿ ನಾಲ್ಕು ವರ್ಷ ಒಬ್ಬ ಯಹೂದಿ ಅಜ್ಜಿಯ ಆರೈಕೆ ಮಾಡಿ ಹೋದ ವರ್ಷ ಮರಳಿ, ಮತ್ತೆ ಅವ್ವನ ಜೊತೆಗೇ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಅಜ್ಜಿ ಸತ್ತಾಗಿನ ಕತೆಯನ್ನು ಅವ್ವನಿಗೂ, ಅವ್ವನ ಜೊತೆ ಹೊಲಿಯುವ ಚೌಡಕ್ಕನಿಗೂ ಹೇಳಿದ್ದಳು. ಅಜ್ಜಿಯ ಮಗಳು ಎದೆಯ ಎಡಕ್ಕೆ ಅಂಗಿ ಹರಿದುಕೊಂಡು, ಅವರ ಸೂತಕದ ಪದ್ಧತಿಯಂತೆ ಏಳು ದಿನ ತಗ್ಗು ಮಣೆಯ ಮೇಲೆ ಕೂತಳಂತೆ. ಬಂದವರು, ಅವಳಾಗಿ ಬಾಯಿ ತೆರೆಯುವ ತನಕ ಸುಮ್ಮನೆ ಪಕ್ಕದಲ್ಲಿ ಕೂತರಂತೆ.

“ಆಮ್ಯಾಲೆ ಹೊಲಕೊಂಡ್ಲೇನ?” ಓಬಳಮ್ಮನಿಗೆ ಅದೇ ಚಿಂತೆ.

“ಇಲ್ಲವ್ವ. ತಂದಿ ತಾಯಿಗೆ ಹರಿದಿದ್ದು ಮತ್ತ ಸರಿಯಾಗಿ ಹೊಲಿಯಂಗಿಲ್ಲಂತ. ಹೊಲಿಗಿ ಬಿಚ್ಚಿದ್ರೂ ನಡಿಯಂಗಿಲ್ಲ, ಬಟ್ಟೀನ ಹರೀಬೇಕು.”

“ಎಲ್ಲಾರೂ ಹಂಗ ಮಾಡಿದ್ರ ನಮ್ಮ ಹೊಟ್ಟಿಪಾಡೇನು!” ಚೌಡಕ್ಕ ನಕ್ಕಳು.

ಓಬಳಮ್ಮ ನಗಲಿಲ್ಲ. ಹಲ್ಲಿನಿಂದ ದಾರ ಕಡಿದು, “ನರಸೀ, ನನ್ನ ಕೈಯಾಗ ಒಂದು ಹರಕೂ ಉಳಿದಿಲ್ಲ. ನಾ ಹೋದಾಗ ಒಂದು ಉಳೀಲಿ,” ಎಂದಳು.

*

ನರಸಕ್ಕ ಕೈ ಬಿಡಿಸಿಕೊಂಡು ಬ್ಲೇಡು ಎಳೆದಳು. ಜೇಬು ನೀಟಾಗಿ ಕಳಚಿ ಅಂಗೈಗೆ ಬಂತು. ಬಟ್ಟೆ ಎಳೆಯಷ್ಟೂ ಹರಿದಿರಲಿಲ್ಲ. ತಪ್ಪು ಹೊಲಿಗೆ ಬಿಚ್ಚಿ ಪಳಗಿದ ಕೈ, ದಾರವನ್ನಷ್ಟೇ ಕೊಯ್ದಿತ್ತು.

“ಬರ್ರಿ, ಹೆಗಲು ಕೊಡ್ರಿ,” ಎಂದು ಹೊರಗೆ ಯಾರೋ ಕೂಗಿದರು.

ಅವಳು ಎರಡೂ ಕೈಯಿಂದ ಜಗ್ಗಿದಳು. ಕೆಲಸಕ್ಕೆ ಹೋಗುವಾಗ ಸೀರೆಯ ಮೇಲೆ ತೊಡಲೆಂದು ಅವ್ವನೇ ಹೊಲಿದುಕೊಟ್ಟ ಅಂಗಿ ಅದು, ಜಪ್ಪಯ್ಯ ಅಂದರೂ ಹರಿಯಲಿಲ್ಲ. ಬೆಳಗಿನಿಂದ ಬಾರದ ಅಳು ನರಸಕ್ಕನಿಗೆ ಆಗ ಬಂತು.

ಅಲ್ಲೇ ಗೋಡೆಗೆ ಒರಗಿ ಕೂತಿದ್ದ ಚೌಡಕ್ಕ ಎದ್ದು ಬಂದು ಬ್ಲೇಡು ಇಸಿದುಕೊಂಡಳು. “ಗಿರೀಶಪ್ಪಾ, ನಿಮ್ಮವ್ವ ಅಂದಿದ್ದು ಖರೇನ. ನಾ ಅಲ್ಲೇ ಇದ್ದೆ.” ಜೇಬಿದ್ದ ಜಾಗ ಮುಟ್ಟಿ, “ಇಲ್ಲೊಂದು ಸಣ್ಣ ಕಟ್ ಕೊಡ್ತೀನಿ. ಹರಿಯಾದು ನೀನ ಹರಿಯವ್ವ,” ಎಂದಳು.

ಪರ್ರನೆ ನಾಲ್ಕು ಬೆರಳಷ್ಟು ಹರಿಯಿತು. ಗಿರೀಶ್ ಆ ಹರಕನ್ನೇ ನೋಡಿದ. ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ.

ಮಣ್ಣು ಮಾಡಿ ಬಂದ ಮೇಲೆ ನರಸಕ್ಕ ಅವ್ವನ ಮಷೀನಿನ ಬಳಿ ನೆಲಕ್ಕೆ ಕೂತಳು. ಚೌಡಕ್ಕನೂ ಪಕ್ಕದಲ್ಲಿ ಕೂತಳು, ಮಾತಾಡಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ! ಅದು ತಾನಾಗಿ ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ನರಸಕ್ಕನ ಎದೆಯ ಹರಕಿನ ತನಕ ಹೋಗಿ ನಿಂತಿತು.

ಚೌಡಕ್ಕ ಆ ಸೂಜಿಯನ್ನು ಓಬಳಮ್ಮನ ಮಷೀನಿನ ಮೇಲಿದ್ದ ಬಟ್ಟೆಯುಂಡೆಗೆ ಚುಚ್ಚಿಟ್ಟಳು. ದಾರ ಗಂಟಿನ ಸಮೇತ ಜೋತಾಡುತ್ತಿತ್ತು.